ಆಟ ಅವರದು, ರಿಪೇರಿ ಇವರದು

2002ರ ಮೇ ತಿಂಗಳಲ್ಲಿ ಅಮೆರಿಕದ ಅಂಗಡಿಗಳಿಗೆ 'ಮೊರೊವಿಂಡ್' ಎಂಬ ಕಂಪ್ಯೂಟರ್ ಆಟ ಬಂತು. ಡಬ್ಬಿ ತೆರೆದವರಿಗೆ ಒಳಗೆ ಎರಡು ಸಿ.ಡಿ.ಗಳು ಸಿಕ್ಕವು. ಒಂದರಲ್ಲಿ ಆಟವಿತ್ತು. ಇನ್ನೊಂದರಲ್ಲಿ ಆ ಆಟವನ್ನು ಕಟ್ಟುವ ಸಲಕರಣೆಯೇ ಇತ್ತು. ಗುಡ್ಡ ಎಬ್ಬಿಸುವುದು, ಊರು ಕಟ್ಟುವುದು, ಊರಿನವರ ಬಾಯಲ್ಲಿ ಮಾತು ಆಡಿಸುವುದು, ಕತ್ತಿಯ ಹರಿತವನ್ನು ಹೆಚ್ಚು ಕಡಿಮೆ ಮಾಡುವುದು ಎಲ್ಲವೂ ಅದರಿಂದ ಸಾಧ್ಯವಿತ್ತು. ಹೋಟೆಲಿನ ಯಜಮಾನ ಊಟದ ಜೊತೆಗೆ ಅಡುಗೆಮನೆಯ ಬೀಗದ ಕೈಯನ್ನೂ ಗಿರಾಕಿಗೆ ಒಪ್ಪಿಸಿದ ಹಾಗೆ. ಕೊಟ್ಟದ್ದು ಮೇರಿಲ್ಯಾಂಡ್ ರಾಜ್ಯದ ಬೆಥೆಸ್ಡಾ ಎಂಬ ಕಂಪನಿ. ಆ ಬೀಗದ ಕೈಯಿಂದ ಶುರುವಾದ ವ್ಯವಹಾರ ಇನ್ನೂ ಮುಗಿದಿಲ್ಲ. ಅದರಲ್ಲಿ ಕಸುಬುದಾರಿಕೆ ಇದೆ, ಪರೋಪಕಾರ ಇದೆ, ಜಗಳವಂತೂ ಬೇಕಾದಷ್ಟಿದೆ.

ಆಟಗಾರರೇ ತಯಾರಿಸಿ ಆಟಕ್ಕೆ ಜೋಡಿಸುವ ಇಂಥ ಮಾರ್ಪಾಟಿಗೆ 'ಮಾಡ್' ಎಂದು ಹೆಸರು. 'ಮಾಡಿಫಿಕೇಶನ್' ಎಂಬ ಉದ್ದನೆಯ ಪದವನ್ನು ಕತ್ತರಿಸಿದಾಗ ಉಳಿದ ತುಂಡು ಅದು. ಕನ್ನಡದ ಕಿವಿಗೆ 'ಮಾಡು' ಎಂದು ಕೇಳಿಸಿದರೆ ತಪ್ಪೇನೂ ಇಲ್ಲ.

ಮೊರೊವಿಂಡ್ ಪಾತ್ರ ಧರಿಸುವ ಆಟ. ಆಟಗಾರ ತನ್ನ ಕುಲ, ಕಸುಬು, ಮುಖಚಹರೆಗಳನ್ನು ತಾನೇ ಆರಿಸಿಕೊಂಡು, ಮಾಟಗಾರರೂ ಪಾಳುಕೋಟೆಗಳೂ ತುಂಬಿದ ಕಲ್ಪಿತ ನಾಡಿನಲ್ಲಿ ನೂರಾರು ಗಂಟೆ ಅಲೆಯುತ್ತಾನೆ. ಈ ಬಗೆಯ ಆಟ ಹುಟ್ಟಿದ್ದು ಕಂಪ್ಯೂಟರಿನಲ್ಲಲ್ಲ, ಮೇಜಿನ ಮೇಲೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಅಮೆರಿಕನ್ನರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟದ ಪುಸ್ತಿಕೆಗಳನ್ನು ಹೊರತಂದರು. ನಾಲ್ಕಾರು ಜನ ಸುತ್ತ ಕೂತು, ದಾಳ ಉರುಳಿಸುತ್ತ, ಬಾಯಿಮಾತಿನಲ್ಲೇ ಕಥೆ ನಡೆಸುವ ಆಟ ಅದು. ಒಬ್ಬ ಸೂತ್ರಧಾರ, ಉಳಿದವರು ಪಾತ್ರಧಾರಿಗಳು. ಪುಸ್ತಕದ ನಿಯಮ ಸರಿಬೀಳದಿದ್ದರೆ ಸೂತ್ರಧಾರ ಕೂತಲ್ಲೇ ಅದನ್ನು ಬದಲಿಸುತ್ತಿದ್ದ. ಮನೆಗೊಂದು ಪದ್ಧತಿ. ಚೌಕಾಬಾರ ಆಡಿ ಬೆಳೆದ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆಟ ಕಂಪ್ಯೂಟರಿನ ಒಳಹೊಕ್ಕಾಗ ಈ ಸ್ವಾತಂತ್ರ್ಯ ಹೋಯಿತು. ಸೂತ್ರಧಾರನ ಜಾಗದಲ್ಲಿ ಯಂತ್ರ ಬಂದು ಕೂತಿತು. ಯಂತ್ರದ ಜೊತೆ ವಾದ ಮಾಡುವಂತಿಲ್ಲ. ಮಾಡ್‌ಗಳ ಇತಿಹಾಸವೆಂದರೆ ಹೀಗೆ ಕೈತಪ್ಪಿದ ಹಕ್ಕನ್ನು ಆಟಗಾರರು ಮರಳಿ ಪಡೆದ ಕಥೆ ಎಂದು ನನ್ನ ಎಣಿಕೆ. ದಾರಿ ತೆರೆದದ್ದು 1993ರ ಡಿಸೆಂಬರಿನಲ್ಲಿ ಬಂದ 'ಡೂಮ್' ಎಂಬ ಗುಂಡಿನ ಆಟ. ಅದನ್ನು ಬರೆದ ಜಾನ್ ಕಾರ್ಮ್ಯಾಕ್, ಆಟ ನಡೆಸುವ ಯಂತ್ರಭಾಗವನ್ನು ಒಂದು ಕಡೆ, ಚಿತ್ರ, ಸದ್ದು, ನಕ್ಷೆಗಳನ್ನು ಇನ್ನೊಂದು ಕಡತದಲ್ಲಿ ಇಟ್ಟ. ಯಂತ್ರಕ್ಕೆ ಕೈ ಹಾಕದೆ ಸಾಮಗ್ರಿಯನ್ನಷ್ಟೇ ಬದಲಿಸಲು ಅನುಕೂಲವಾಯಿತು. ಮುಂದೆ 1999ರಲ್ಲಿ ಮಾಡ್ ಆಗಿ ಹುಟ್ಟಿದ 'ಕೌಂಟರ್-ಸ್ಟ್ರೈಕ್' ಮೂಲ ಆಟವನ್ನೂ ಮೀರಿಸುವಷ್ಟು ಬೆಳೆಯಿತು. ಪಾತ್ರದ ಆಟಗಳಲ್ಲಿ ಮಾಡ್ ಹಿಡಿದ ದಾರಿ ಬೇರೆ. ಇದ್ದ ಲೋಕದಲ್ಲೇ ಉಳಿದು ಅದನ್ನು ದುರಸ್ತಿ ಮಾಡುವ ದಾರಿ ಅದು.

ದುರಸ್ತಿಗೆ ಅವಕಾಶ ಧಾರಾಳವಾಗಿತ್ತು. ಮೊರೊವಿಂಡ್‌ನಲ್ಲಿ ಶತ್ರುವಿನ ಎದೆಗೇ ಕತ್ತಿ ತಾಗಿದ್ದು ಕಣ್ಣಿಗೆ ಕಾಣುತ್ತಿದ್ದರೂ, ಒಳಗೆ ಉರುಳಿದ ಅಗೋಚರ ದಾಳ ಒಲಿಯದಿದ್ದರೆ ಏಟು ಬೀಳುತ್ತಿರಲಿಲ್ಲ. ಮೇಜಿನಾಟದ ನಿಯಮವನ್ನು ಹಾಗೇ ಎತ್ತಿ ತಂದದ್ದರ ಫಲ. ಜನರ ಮೈಗಳು ಕೀಲುಗೊಂಬೆಗಳಂತಿದ್ದವು. 'ಕ್ಲಿಫ್ ರೇಸರ್' ಎಂಬ ಹಾರುವ ಪ್ರಾಣಿಯಂತೂ ಹೆಜ್ಜೆಗೊಮ್ಮೆ ಮೇಲೆರಗಿ ಪ್ರಾಣ ಹಿಂಡುತ್ತಿತ್ತು. ಆಟಗಾರರು ಒಂದೊಂದನ್ನೂ ಸರಿಪಡಿಸಿದರು. ಹೊಸ ಮೈ, ಹೊಸ ಮುಖ ಬಂದವು. ಹಾರುವ ಪ್ರಾಣಿಯನ್ನು ಕೆಲವರು ಸಾಧುವಾಗಿಸಿದರು, ಕೆಲವರು ನಿರ್ನಾಮವೇ ಮಾಡಿದರು.

ಈ ಕೆಲಸ ನಡೆಯುವ ಬಗೆ ಸ್ವಾರಸ್ಯವಾಗಿದೆ. ಮೂಲ ಆಟದ ದೊಡ್ಡ ಕಡತವನ್ನು ಮಾಡ್ ಮುಟ್ಟುವುದೇ ಇಲ್ಲ. ಆ ಕಡತದಲ್ಲಿ ಕತ್ತಿ, ಬಾಗಿಲು, ಅಂಗಡಿಯವ, ಬಂಡೆ ಹೀಗೆ ಪ್ರತಿಯೊಂದಕ್ಕೂ ಒಂದೊಂದು ದಾಖಲೆ ಇರುತ್ತದೆ, ನಮ್ಮ ಜಮೀನಿಗೆ ಪಹಣಿ ಇದ್ದ ಹಾಗೆ. ಮಾಡ್ ಒಂದು ಪ್ರತ್ಯೇಕ ಸಣ್ಣ ಕಡತ; ತಾನು ಬದಲಿಸಬೇಕೆಂದ ದಾಖಲೆಗಳನ್ನಷ್ಟೇ ಅದು ಹೊತ್ತಿರುತ್ತದೆ. ಆಟ ಶುರುವಾಗುವಾಗ ಕಂಪ್ಯೂಟರು ಮೊದಲು ಮೂಲವನ್ನು ಓದಿಕೊಂಡು, ಅದರ ಮೇಲೆ ಮಾಡ್‌ಗಳನ್ನು ಒಂದೊಂದಾಗಿ ಹೊದಿಸುತ್ತ ಹೋಗುತ್ತದೆ. ನಕ್ಷೆಯ ಮೇಲೆ ಟ್ರೇಸಿಂಗ್ ಕಾಗದ ಹಾಸಿದಂತೆ. ಎರಡು ಮಾಡ್‌ಗಳು ಒಂದೇ ದಾಖಲೆಗೆ ಕೈ ಹಾಕಿದ್ದರೆ, ಕೊನೆಗೆ ಬಂದದ್ದರ ಮಾತೇ ನಡೆಯುತ್ತದೆ. ಹಾಗಾಗಿ ಯಾವುದು ಮೊದಲು, ಯಾವುದು ಆಮೇಲೆ ಎನ್ನುವ ಸರದಿ ಮುಖ್ಯ. ಸರದಿ ತಪ್ಪಿತೋ, ಮನೆ ನೆಲಬಿಟ್ಟು ಗಾಳಿಯಲ್ಲಿ ತೇಲುತ್ತದೆ; ಮೈಯ ಬಣ್ಣವೊಂದಾದರೆ ಮುಖದ ಬಣ್ಣ ಇನ್ನೊಂದು; ಇಲ್ಲವೇ ಆಟವೇ ಮುಗ್ಗರಿಸಿ ಬಿದ್ದುಹೋಗುತ್ತದೆ. ಈ ಸರದಿ ಹೊಂದಿಸುವುದಕ್ಕೆಂದೇ ಕೆಲವರು ಬೇರೆ ತಂತ್ರಾಂಶ ಬರೆದರು. ರಿಪೇರಿಯ ರಿಪೇರಿ!

2006ರ ಮಾರ್ಚಿನಲ್ಲಿ ಅದೇ ಸರಣಿಯ ಮುಂದಿನ ಆಟ 'ಒಬ್ಲಿವಿಯನ್' ಬಂತು. ನೋಡಲು ಚೆಂದ, ಆದರೆ ಅದರ ಹೃದಯದಲ್ಲೇ ಒಂದು ದೋಷವಿತ್ತು. ಆಟಗಾರ ಬಲಿಷ್ಠನಾದಂತೆಲ್ಲ ಲೋಕವೂ ಅಷ್ಟೇ ಬಲಿಯುವಂತೆ ಲೆಕ್ಕ ಹಾಕಿದ್ದರು. ಯಾರಿಗೂ ಯಾವಾಗಲೂ ಆಟ ತೀರ ಸುಲಭವೂ ಆಗಬಾರದು, ತೀರ ಕಷ್ಟವೂ ಆಗಬಾರದು ಎಂಬ ಸದುದ್ದೇಶ. ಪರಿಣಾಮ ಮಾತ್ರ ನಗೆಪಾಟಲು. ರಸ್ತೆ ಬದಿಯ ದರೋಡೆಕೋರ ಸಾವಿರಾರು ನಾಣ್ಯ ಬೆಲೆಬಾಳುವ ಅಪರೂಪದ ಕವಚ ತೊಟ್ಟು ಎದುರು ನಿಂತು ನೂರು ನಾಣ್ಯ ಕೇಳುತ್ತಿದ್ದ. ಎಷ್ಟು ಬೆವರು ಸುರಿಸಿದರೂ ನಿನ್ನೆಗಿಂತ ಇಂದು ಮೇಲಾದೆ ಎನ್ನುವ ಸಮಾಧಾನ ಆಟಗಾರನಿಗೆ ಸಿಗುತ್ತಿರಲಿಲ್ಲ. ಪಾತ್ರದ ಆಟದಲ್ಲಿ ಅದೇ ಇಲ್ಲದಿದ್ದರೆ ಇನ್ನೇನಿದೆ?

ಆ ವರ್ಷವೇ 'ಆಸ್ಕ್ಯುರೋಸ್ ಒಬ್ಲಿವಿಯನ್ ಓವರ್‌ಹಾಲ್' ಎಂಬ ಮಾಡ್ ಹೊರಬಂತು. ಅದರ ಕರ್ತೃ ಲೋಕವನ್ನು ಆಟಗಾರನ ನೆರಳಿನಿಂದ ಬಿಡಿಸಿದ. ತೋಳ ಯಾವತ್ತಿಗೂ ತೋಳವೇ. ಘೋರ ಗುಹೆ ಮೊದಲ ದಿನದಿಂದಲೂ ಘೋರವೇ. ಅಲ್ಲಿಗೆ ಹೋಗುವ ತಾಕತ್ತು ಬರುವತನಕ ಹೋಗಬೇಡಿ, ಅಷ್ಟೆ. ಭಯವಿದ್ದ ಕಡೆ ಭಯ, ನೆಮ್ಮದಿಯಿದ್ದ ಕಡೆ ನೆಮ್ಮದಿ ಬಂದ ಮೇಲೆ ಲೋಕಕ್ಕೆ ಭೂಗೋಳವೇ ಬಂದಂತಾಯಿತು. ಆ ಕರ್ತೃವನ್ನು ಒಬ್ಸಿಡಿಯನ್ ಎಂಬ ಆಟದ ಕಂಪನಿ ಕೆಲಸಕ್ಕೆ ಕರೆದುಕೊಂಡಿತು. 2010ರ 'ಫಾಲ್‌ಔಟ್: ನ್ಯೂ ವೇಗಸ್' ಆಟದಲ್ಲಿ ಆತನ ದುಡಿಮೆಯಿದೆ. ಇತ್ತ ಬೆಥೆಸ್ಡಾ 2006ರ ಏಪ್ರಿಲ್‌ನಲ್ಲಿ, ಆಟದೊಳಗಿನ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರಿಗೆ ಮಾರಲು ಹೊರಟು ಜಗತ್ತಿನ ಹಾಸ್ಯಕ್ಕೆ ಗುರಿಯಾಯಿತು. ಒಂದು ಕಡೆ ಲೋಕವನ್ನೇ ಸರಿಪಡಿಸಿ ಪುಕ್ಕಟೆ ಹಂಚುವವರು, ಇನ್ನೊಂದು ಕಡೆ ಕುದುರೆಯ ಅಂಗಿಗೆ ದುಡ್ಡು ಕೇಳುವವರು.

2011ರ ನವೆಂಬರ್ 11ರಂದು ಬಿಡುಗಡೆಯಾದ 'ಸ್ಕೈರಿಮ್' ಕಾಲಕ್ಕೆ ಈ ಚಟುವಟಿಕೆ ಹಬ್ಬದಂತಾಯಿತು. ಆ ಆಟದ ಪಟ್ಟಿಗಳನ್ನು ಟಿ.ವಿ. ಮುಂದೆ ಕೂತು ಆಡುವವರಿಗಾಗಿ ರೂಪಿಸಿದ್ದರಿಂದ, ಕಂಪ್ಯೂಟರಿನಲ್ಲಿ ಆಡುವವರು ಜೋಳಿಗೆಯಲ್ಲಿ ಒಂದು ಕತ್ತಿ ಹುಡುಕಬೇಕಾದರೂ ಉದ್ದದ ಪಟ್ಟಿಯನ್ನು ಸರಿಸುತ್ತ ಹೋಗಬೇಕಿತ್ತು. 'ಸ್ಕೈಯುಐ' ಎಂಬ ಮಾಡ್ ಅದನ್ನು ತೂಕ, ಬೆಲೆ ಎಂದು ಕಲಮುಗಳಿರುವ ಅಚ್ಚುಕಟ್ಟಾದ ಪಟ್ಟಿಯಾಗಿ ಮಾಡಿತು. ವಿಂಡ್‌ಹೆಲ್ಮ್ ಎಂಬ ಊರಿನ ಸರಣಿ ಕೊಲೆಗಳ ತನಿಖೆ ನಡುವೆಯೇ ಕೈಕೊಡುವುದಕ್ಕೆ ಪ್ರಸಿದ್ಧವಾಗಿತ್ತು. ಇಂಥವನ್ನೆಲ್ಲ ಹುಡುಕಿ ಸರಿಪಡಿಸಲು ಆಟಗಾರರ ತಂಡವೊಂದು 'ಅನಧಿಕೃತ ತೇಪೆ'ಯನ್ನು ಹೊರತಂದು ವರ್ಷಗಟ್ಟಲೆ ಮುಂದುವರಿಸಿತು. ಅಕ್ಷರದೋಷ, ತೇಲುವ ಕಲ್ಲು, ಮುಗಿಯದ ಕಾರ್ಯ ಹೀಗೆ ಅವರ ತಿದ್ದುಪಡಿ ಪಟ್ಟಿ ಪುಟಗಟ್ಟಲೆ ಇದೆ. ಯಾವುದು ದೋಷ, ಯಾವುದು ಮೂಲಕರ್ತರ ಉದ್ದೇಶ ಎಂಬ ಬಗ್ಗೆ ಒಮ್ಮತವಿರಲಿಲ್ಲ ಎನ್ನಿ. ಹಳೆಯ ಓಲೆಗರಿಗಳ ಪಾಠ ತಿದ್ದುವವರ ನಡುವೆ ಇರುವ ಜಗಳವೇ ಇದು. ಲಿಪಿಕಾರನ ತಪ್ಪೆಂದು ತಿದ್ದಿದ್ದು ಕವಿಯ ಇಚ್ಛೆಯೇ ಆಗಿದ್ದರೆ?

ಅಲ್ಲಿಯವರೆಗೆ ಇದೆಲ್ಲ ಉಚಿತ ಸೇವೆ. ಸಲಕರಣೆಯ ಕರಾರಿನಲ್ಲೇ ಅದು ಬರೆದಿತ್ತು. ಮಾಡಿದ್ದನ್ನು ಮಾರುವಂತಿಲ್ಲ, ಹಂಚಿದರೆ ಅದನ್ನು ಬಳಸಿಕೊಳ್ಳುವ ಹಕ್ಕು ಕಂಪನಿಗೂ ಉಂಟು. 2015ರ ಏಪ್ರಿಲ್ 23ರಂದು ಬೆಥೆಸ್ಡಾ ಮತ್ತು ಆಟಗಳ ದೊಡ್ಡ ಮಾರಾಟಗಾರ ಕಂಪನಿ ವಾಲ್ವ್ ಸೇರಿ ಇದನ್ನು ಬದಲಿಸಿದವು. ಸ್ಕೈರಿಮ್ ಮಾಡ್‌ಗಳನ್ನು ಇನ್ನು ಹಣಕ್ಕೆ ಮಾರಬಹುದು ಎಂದವು. ಬಂದ ದುಡ್ಡಿನಲ್ಲಿ ಶೇ. 30 ವಾಲ್ವ್‌ಗೆ, ಶೇ. 45 ಬೆಥೆಸ್ಡಾಕ್ಕೆ, ಶೇ. 25 ಮಾಡಿದವನಿಗೆ.

ಬೆಂಕಿ ಹತ್ತಿಕೊಂಡಿತು. ವಿರೋಧದ ಮನವಿಗೆ ಲಕ್ಷಕ್ಕೂ ಮೀರಿ ಸಹಿ ಬಿದ್ದವು. ದುಡ್ಡು ಕೊಡಲು ಜನ ಸಿದ್ಧರಿರಲಿಲ್ಲ ಎಂಬುದು ಒಂದು ಕಾರಣ, ಅದನ್ನು ಮುಚ್ಚಿಡುವುದು ಬೇಡ. ಆದರೆ ಆಳದ ತೊಡಕು ಬೇರೆ ಇತ್ತು. ಮಾಡ್‌ಗಳು ಒಂದರ ಹೆಗಲ ಮೇಲೆ ಒಂದು ನಿಂತವು. ಮೊದಲ ದಿನವೇ ಮಾರಾಟಕ್ಕಿಟ್ಟ, ಮೀನು ಹಿಡಿಯುವ ಮಾಡ್ ಒಂದು ಇನ್ನೊಬ್ಬರು ಪುಕ್ಕಟೆ ಹಂಚಿದ್ದ ಚಲನೆಯ ವ್ಯವಸ್ಥೆಯನ್ನು ಅವಲಂಬಿಸಿತ್ತು. ತಕರಾರು ಎದ್ದು ಅದನ್ನು ಹಿಂತೆಗೆಯಬೇಕಾಯಿತು. ಹತ್ತು ಜನ ಸೇರಿ ಉಚಿತವಾಗಿ ತೋಡಿದ ಬಾವಿಯ ನೀರನ್ನು ಒಬ್ಬ ಕೊಡಕ್ಕಿಷ್ಟು ಎಂದು ಮಾರಿದರೆ ಉಳಿದ ಒಂಬತ್ತು ಜನರ ಪಾಲೆಷ್ಟು? ನಾಲ್ಕೇ ದಿನ. ಏಪ್ರಿಲ್ 27ರಂದು ಯೋಜನೆ ರದ್ದಾಯಿತು. ತಾವೇನು ಮಾಡುತ್ತಿದ್ದೇವೆಂಬುದು ತಮಗೆ ಸರಿಯಾಗಿ ತಿಳಿದಿರಲಿಲ್ಲ ಎಂದು ವಾಲ್ವ್ ಒಪ್ಪಿಕೊಂಡಿತು.

ಆದರೂ ಒಂದು ಮಾತು ಹೇಳಬೇಕು. ಆ ನಾಲ್ಕು ದಿನಗಳಲ್ಲಿ ಬೈಗುಳ ಬಿದ್ದದ್ದು ಕಂಪನಿಗಳ ಮೇಲಷ್ಟೇ ಅಲ್ಲ, ವರ್ಷಗಟ್ಟಲೆ ರಾತ್ರಿ ನಿದ್ದೆಗೆಟ್ಟು ಪುಕ್ಕಟೆ ದುಡಿದು ಈಗ ನಾಲ್ಕು ಕಾಸು ಬಯಸಿದ ಮಾಡ್‌ಕಾರರ ಮೇಲೂ. ಅವರು ಕೇಳಿದ್ದು ಅನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ಅವರ ದುಡಿಮೆಯಿಂದಲೇ ಆಟ ವರ್ಷಗಟ್ಟಲೆ ಮಾರಾಟವಾಗುತ್ತ ಉಳಿಯಿತು. ಕಂಪನಿ 2017ರಲ್ಲಿ ಬೇರೆ ರೂಪದಲ್ಲಿ, 2023ರ ಡಿಸೆಂಬರಿನಲ್ಲಿ ಮತ್ತೊಂದು ರೂಪದಲ್ಲಿ ಹಣದ ಮಾಡ್‌ಗಳನ್ನು ಮರಳಿ ತಂದಿತು. ಈ ಬಾರಿ ಗದ್ದಲ ಅಷ್ಟಾಗಲಿಲ್ಲ. ಉಚಿತದ ಹೊಳೆ ಪಕ್ಕದಲ್ಲಿ ಹಾಗೇ ಹರಿಯುತ್ತಿದೆ.

ಹಣದ ಪ್ರಶ್ನೆಗಿಂತ ಬಿಗಿಯಾದದ್ದು ಒಡೆತನದ ಪ್ರಶ್ನೆ. ಮಾಡ್‌ಗಳ ದೊಡ್ಡ ಉಗ್ರಾಣ 'ನೆಕ್ಸಸ್ ಮಾಡ್ಸ್'. ಇಂಗ್ಲೆಂಡಿನ ರಾಬಿನ್ ಸ್ಕಾಟ್ 2001ರಲ್ಲಿ ಹವ್ಯಾಸಕ್ಕೆಂದು ಆರಂಭಿಸಿದ್ದು. ಅಲ್ಲಿಟ್ಟ ಮಾಡನ್ನು ಕರ್ತೃ ಮನಸ್ಸು ಬಂದಾಗ ಅಳಿಸಿಹಾಕಬಹುದಿತ್ತು. ಅದನ್ನು ನೆಚ್ಚಿ ನಿಂತ ಇತರ ಮಾಡ್‌ಗಳು ಆಗ ಕುಸಿಯುತ್ತಿದ್ದವು. 2021ರಲ್ಲಿ ಉಗ್ರಾಣದವರು ನಿಯಮ ಬದಲಿಸಿದರು: ಕಡತ ಮರೆಯಾಗಬಹುದು, ಪೂರ್ತಿ ಅಳಿಯುವುದಿಲ್ಲ. ಒಪ್ಪದವರು ಆಗಸ್ಟ್ 5ರೊಳಗೆ ತಮ್ಮದನ್ನು ತೆಗೆದುಕೊಂಡು ಹೋಗಬಹುದು ಎಂದರು. ಹಲವರು ಹಾಗೇ ಹೋದರು. ಊರಿಗೆ ಕೊಟ್ಟ ಕೆರೆಯನ್ನು ವಾಪಸು ಕೇಳುವ ಹಕ್ಕು ಉಂಟೇ ಎಂಬ ತರ್ಕ ಒಂದು ಕಡೆ, ನನ್ನ ಕೈಬರಹ ನನ್ನದಲ್ಲವೇ ಎಂಬ ತರ್ಕ ಇನ್ನೊಂದು ಕಡೆ.

ಸ್ವಂತ ಮನೆ ಕಟ್ಟಿಕೊಂಡು ಹೊರಬಂದವರೂ ಇದ್ದಾರೆ. ಆಸ್ಟ್ರೇಲಿಯದ ವಕೀಲ ನಿಕ್ ಪಿಯರ್ಸ್ 2015ರಲ್ಲಿ 'ದ ಫರ್ಗಾಟನ್ ಸಿಟಿ' ಎಂಬ ಮಾಡನ್ನು ಸ್ಕೈರಿಮ್‌ಗೆ ಸೇರಿಸಿದರು. ಒಬ್ಬರು ತಪ್ಪು ಮಾಡಿದರೆ ಊರಿಗೆ ಊರೇ ಸಾಯುವ ಒಂದು ನೆಲದಡಿಯ ನಗರದ ಕಥೆ. ಅದಕ್ಕೆ 2016ರಲ್ಲಿ ಆಸ್ಟ್ರೇಲಿಯದ ಬರಹಗಾರರ ಸಂಘದ ಪ್ರಶಸ್ತಿ ಬಂತು. ಪಿಯರ್ಸ್ ವಕೀಲಿ ಬಿಟ್ಟರು. ಸ್ಕೈರಿಮ್‌ನ ನಾಡನ್ನು ತೆಗೆದು ರೋಮನ್ ನಗರವನ್ನಿಟ್ಟು 2021ರಲ್ಲಿ ಅದನ್ನೇ ಸ್ವತಂತ್ರ ಆಟವಾಗಿ ಹೊರತಂದರು. ಇನ್ನೊಂದು ತುದಿಯಲ್ಲಿ 'ಟ್ಯಾಮ್ರಿಯಲ್ ರೀಬಿಲ್ಟ್' ಎಂಬ ತಂಡವಿದೆ. ಮೊರೊವಿಂಡ್ ಆಟದಲ್ಲಿ ಕಂಪನಿ ಕಟ್ಟಿದ್ದು ಆ ಪ್ರಾಂತ್ಯದ ನಡುವಿನ ದ್ವೀಪವನ್ನು ಮಾತ್ರ. ಸುತ್ತಲಿನ ನೆಲವನ್ನೆಲ್ಲ ತಾವು ಕಟ್ಟುತ್ತೇವೆಂದು, ಆಟ ಬಿಡುಗಡೆಯಾಗುವ ಮೊದಲೇ ಸಂಕಲ್ಪ ಮಾಡಿದವರು ಇವರು. ಬಂದವರು ಹೋದರು, ಹೊಸಬರು ಸೇರಿದರು. ಎರಡು ದಶಕ ದಾಟಿದರೂ ತುಂಡುತುಂಡಾಗಿ ನೆಲ ಬೆಳೆಯುತ್ತಲೇ ಇದೆ.

2025ರ ಏಪ್ರಿಲ್ 22ರಂದು ಬೆಥೆಸ್ಡಾ ಹಳೆಯ ಒಬ್ಲಿವಿಯನ್ನಿಗೆ ಹೊಸ ಬಣ್ಣ ಬಳಿದು ಮತ್ತೆ ಮಾರಾಟಕ್ಕಿಟ್ಟಿತು. ಇತ್ತ 'ಸ್ಕೈಬ್ಲಿವಿಯನ್' ಎಂಬ ಸ್ವಯಂಸೇವಕರ ತಂಡ ಅದೇ ಆಟವನ್ನು ಸ್ಕೈರಿಮ್‌ನ ಯಂತ್ರದೊಳಗೆ ಪುನಃ ಕಟ್ಟಲು ವರ್ಷಗಳಿಂದ ಶ್ರಮಿಸುತ್ತಿತ್ತು. ಕಂಪನಿ ಆ ತಂಡದವರಿಗೆ ಹೊಸ ಆಟದ ಪ್ರತಿಗಳನ್ನು ಉಚಿತವಾಗಿ ಕಳಿಸಿತು; ಅವರು ಥ್ಯಾಂಕ್ಸ್ ಹೇಳಿ ತಮ್ಮ ಕೆಲಸ ಮುಂದುವರಿಸಿದರು. ಹೊಸ ಆಟದ ಜೊತೆಗೆ ಈ ಸಲ ಸಲಕರಣೆಯನ್ನು ಕೊಟ್ಟಿರಲಿಲ್ಲ. ಮಾಡ್‌ಗಳಿಗೆ ಅಧಿಕೃತ ಬೆಂಬಲವಿಲ್ಲವೆಂದೇ ಹೇಳಲಾಗಿತ್ತು. ಆದರೆ ಹೊಸ ಬಣ್ಣದ ಅಡಿಯಲ್ಲಿ ಓಡುತ್ತಿದ್ದದ್ದು ಅದೇ ಹಳೆಯ ಯಂತ್ರ. ಆಟಗಾರರು 2006ರ ಸಲಕರಣೆಯನ್ನೇ ಹುಡುಕಿ ತೆಗೆದು ಹೊಸ ಕಡತಕ್ಕೆ ಹಚ್ಚಿ ನೋಡಿದರು. ಅಷ್ಟಿಷ್ಟು ಗೊಣಗಿಕೊಂಡು ಬೀಗ ತೆರೆಯಿತು.