ಪದವಿಯಿಲ್ಲದ ವೈದ್ಯ: ಎಫ್ರೇಮ್ ಮೆಕ್‌ಡೊವೆಲ್

ಅಮೆರಿಕದ ಆರಂಭಕಾಲದ ಹಳ್ಳಿವೈದ್ಯರಲ್ಲಿ ಬಹುಪಾಲು ಮಂದಿ ವೈದ್ಯವಿದ್ಯಾಲಯದಿಂದ ಬಂದವರಲ್ಲ. ಹಿರಿಯ ವೈದ್ಯನೊಬ್ಬನ ಬಳಿಯಿದ್ದು, ಔಷಧ ಅರೆದು, ಅವನೊಡನೆ ರೋಗಿಗಳ ಮನೆಗೆ ಅಲೆದು ಕಲಿತವರು. 1771ರಲ್ಲಿ ವರ್ಜೀನಿಯಾದಲ್ಲಿ ಜನಿಸಿದ ಎಫ್ರೇಮ್ ಮೆಕ್‌ಡೊವೆಲ್ ಕೂಡ ಅಲೆಕ್ಸಾಂಡರ್ ಹಂಫ್ರೀಸ್ ಎಂಬ ವೈದ್ಯನ ಶಿಷ್ಯನಾಗಿದ್ದವನು. ಮುಂದೆ ಎಡಿನ್‌ಬರೊ ನಗರದಲ್ಲಿ ಜಾನ್ ಬೆಲ್‌ನ ಶಸ್ತ್ರಚಿಕಿತ್ಸಾ ಪಾಠಗಳನ್ನು ಕೇಳಿದನಾದರೂ ಪದವಿ ಪಡೆಯದೆ ಮರಳಿ, 1795ರಲ್ಲಿ ಕೆಂಟಕಿಯ ಡ್ಯಾನ್‌ವಿಲ್‌ನಲ್ಲಿ ನೆಲೆಸಿದನು.

1809ರ ಡಿಸೆಂಬರಿನಲ್ಲಿ ಆತ ಜೇನ್ ಟಾಡ್ ಕ್ರಾಫರ್ಡ್ ಎಂಬಾಕೆಯನ್ನು ಪರೀಕ್ಷಿಸಿದನು. ಗರ್ಭವೆಂದು ಇತರರು ಭಾವಿಸಿದ್ದುದು ಅಂಡಾಶಯದ ಗೆಡ್ಡೆಯಾಗಿತ್ತು. ಹೊಟ್ಟೆ ಸೀಳಿದರೆ ಮರಣವೇ ಗತಿಯೆಂದು ಹೆಸರಾಂತ ಶಸ್ತ್ರವೈದ್ಯರೂ ನಂಬಿದ್ದ ಕಾಲವದು. ಅದನ್ನು ಆತ ಆಕೆಯಿಂದ ಮರೆಮಾಚಲಿಲ್ಲ. ಆಕೆ ಒಪ್ಪಿ, 60 ಮೈಲಿ ಕುದುರೆಯೇರಿ ಬಂದಳು. ದಾರಿಯುದ್ದಕ್ಕೂ ಗೆಡ್ಡೆ ಜೀನಿಗೆ ಒತ್ತಿ ಹೊಟ್ಟೆ ಕಂದಿಹೋಗಿತ್ತು. ಇತಿಹಾಸಕಾರರು ವೈದ್ಯನ ಧೈರ್ಯವನ್ನು ಕೊಂಡಾಡುತ್ತಾರೆ. ನನಗಾದರೋ ಆಕೆಯದೇ ಮಿಗಿಲೆನಿಸುತ್ತದೆ. ಅರಿವಳಿಕೆಯೇ ಇಲ್ಲದ ಆ ಕಾಲದಲ್ಲಿ ಸುಮಾರು 25 ನಿಮಿಷಗಳಲ್ಲಿ ಶಸ್ತ್ರಚಿಕಿತ್ಸೆ ಮುಗಿಯಿತು. ಹೊರತೆಗೆದ ಗೆಡ್ಡೆಯ ತೂಕ 22 ಪೌಂಡಿಗೂ ಹೆಚ್ಚು. ಐದು ದಿನಗಳಾದ ಮೇಲೆ ನೋಡಿದರೆ ಆಕೆ ತನ್ನ ಹಾಸಿಗೆಯನ್ನು ತಾನೇ ಸರಿಪಡಿಸುತ್ತಿದ್ದಳು! ಆಮೇಲೆ 1842ರವರೆಗೂ ಬದುಕಿದಳು.

1817ರಲ್ಲಿ ಆತ ಈ ಚಿಕಿತ್ಸೆಯ ವರದಿಯನ್ನು ಪ್ರಕಟಿಸಿದಾಗ, ಕಾಡುನಾಡಿನ ವೈದ್ಯನ ಮಾತೆಂದು ಲಂಡನ್ನಿನಲ್ಲಿ ಸಂದೇಹಿಸಿದವರಿದ್ದರು. ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಆತನಿಗೆ ಗೌರವ ಪದವಿಯನ್ನಿತ್ತುದು 1825ರಲ್ಲಿ. ಆ ವೇಳೆಗೆ ಡ್ಯಾನ್‌ವಿಲ್‌ನಲ್ಲಿ ಆತನ ವೃತ್ತಿಗೆ ಮೂವತ್ತು ವರ್ಷಗಳಾಗಿದ್ದವು.