ಕಾಪರ್-ಟಿ ಇದ್ದೂ ಗರ್ಭ ನಿಂತರೆ: ಗರ್ಭಪಾತದ ಮಾತ್ರೆಗೆ ಮುನ್ನ ಅದನ್ನು ತೆಗೆಸಬೇಕು, ಏಕೆ?

ಕಾಪರ್-ಟಿ ಹಾಕಿಸಿಕೊಂಡವರಲ್ಲಿ ಗರ್ಭ ನಿಲ್ಲುವುದು ಅಪರೂಪ, ಆದರೆ ಅಸಾಧ್ಯವಲ್ಲ. ಹಾಗೆ ನಿಂತ ಗರ್ಭವನ್ನು ಮುಂದುವರಿಸುವುದು ಬೇಡ ಎಂದು ನಿರ್ಧರಿಸಿದವರು ಮಾತ್ರೆಗಳ ಮೂಲಕ ಗರ್ಭಪಾತ ಮಾಡಿಸಿಕೊಳ್ಳಬಹುದು. ಆದರೆ ಮೊದಲ ಮಾತ್ರೆ ನುಂಗುವ ಮುನ್ನವೇ ಗರ್ಭಕೋಶದೊಳಗಿನ ಕಾಪರ್-ಟಿಯನ್ನು ತೆಗೆಸಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ ಹಾಗೂ ಮಿಫೆಪ್ರಿಸ್ಟೋನ್ ಮಾತ್ರೆಯ ಬಳಕೆಯ ಸೂಚನೆಗಳು ಇದನ್ನೇ ಹೇಳುತ್ತವೆ.

ಔಷಧಿ ಅಂಗಡಿಯಿಂದ ನೇರವಾಗಿ ಕಿಟ್ ತಂದು ಮನೆಯಲ್ಲೇ ನುಂಗುವವರಿಗೆ ಈ ವಿಷಯ ಹೇಳುವವರೇ ಇರುವುದಿಲ್ಲ. ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 2015ರಲ್ಲಿ ಭಾರತದಲ್ಲಿ ಸುಮಾರು 1.56 ಕೋಟಿ ಗರ್ಭಪಾತಗಳು ನಡೆದಿದ್ದವು. ಅವುಗಳಲ್ಲಿ ಶೇ 73ರಷ್ಟು ಆಸ್ಪತ್ರೆಗಳ ಹೊರಗೆ, ಮಾತ್ರೆಗಳಿಂದ ಆದವು. ಕಾಪರ್-ಟಿ ಇರುವವರಿಗೆ ಈ ಹಾದಿಯಲ್ಲಿ ಅಪಾಯ ಹೆಚ್ಚು.

ಕಾಪರ್-ಟಿ ಇದ್ದೂ ಗರ್ಭ ನಿಲ್ಲುವುದು ಹೇಗೆ?

ಸರ್ಕಾರಿ ಆಸ್ಪತ್ರೆಗಳಲ್ಲಿ ಎರಡು ಬಗೆಯ ಕಾಪರ್-ಟಿ ಉಚಿತವಾಗಿ ಸಿಗುತ್ತವೆ. 380ಎ ಎಂಬುದು 10 ವರ್ಷ, 375 ಎಂಬುದು 5 ವರ್ಷ ಕೆಲಸ ಮಾಡುತ್ತದೆ. ಕರ್ನಾಟಕದ ಆರೋಗ್ಯ ಕಾರ್ಯಕರ್ತೆಯರು ಇದನ್ನು 'ವಂಕಿ' ಎಂದೂ ಕರೆಯುತ್ತಾರೆ. ಖಾಸಗಿ ಆಸ್ಪತ್ರೆಗಳಲ್ಲಿ ಹಾರ್ಮೋನ್ ಬಿಡುಗಡೆ ಮಾಡುವ ಸಾಧನವೂ ಲಭ್ಯ. ಇವುಗಳನ್ನು ಹಾಕಿಸಿಕೊಂಡ ಮೊದಲ ವರ್ಷದಲ್ಲಿ ಗರ್ಭ ನಿಲ್ಲುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತಲೂ ಕಡಿಮೆ.

ಸಾಧನ ಜಾರಿ ಗರ್ಭಕೋಶದ ಕೊರಳಿನತ್ತ ಇಳಿದಿರುವುದು, ಗೊತ್ತಾಗದಂತೆ ಬಿದ್ದುಹೋಗಿರುವುದು, ಅವಧಿ ಮೀರಿರುವುದು ಗರ್ಭ ನಿಲ್ಲಲು ಮುಖ್ಯ ಕಾರಣಗಳು. ಕೆಲವೊಮ್ಮೆ ಎಲ್ಲವೂ ಸರಿಯಿದ್ದರೂ ಗರ್ಭ ನಿಲ್ಲುತ್ತದೆ; ಅದು ಮಹಿಳೆಯ ತಪ್ಪಲ್ಲ. ಹಾರ್ಮೋನ್ ಸಾಧನ ಇರುವವರಲ್ಲಿ ಹಲವರಿಗೆ ಮುಟ್ಟು ತೀರಾ ಕಡಿಮೆಯಾಗುತ್ತದೆ ಅಥವಾ ನಿಂತೇ ಹೋಗುತ್ತದೆ. ಹಾಗಾಗಿ ಅವರಿಗೆ ಗರ್ಭ ನಿಂತಿರುವುದು ತಡವಾಗಿ ತಿಳಿಯಬಹುದು. ವಾಕರಿಕೆ, ಸ್ತನಗಳಲ್ಲಿ ನೋವು, ಕಾರಣವಿಲ್ಲದ ಆಯಾಸ ಕಂಡರೆ ಮನೆಯಲ್ಲೇ ಮೂತ್ರ ಪರೀಕ್ಷೆ ಮಾಡಿ ನೋಡುವುದು ಒಳ್ಳೆಯದು.

ಮೊದಲ ಪ್ರಶ್ನೆ: ಗರ್ಭ ಎಲ್ಲಿದೆ?

ಕಾಪರ್-ಟಿ ಇರುವಾಗ ಗರ್ಭ ನಿಂತರೆ ವೈದ್ಯರು ಮೊದಲು ನೋಡುವುದು ಅದು ಗರ್ಭಕೋಶದ ಒಳಗಿದೆಯೇ, ಗರ್ಭನಾಳದಲ್ಲಿದೆಯೇ ಎಂಬುದನ್ನು. ಕಾಪರ್-ಟಿ ಒಟ್ಟಾರೆ ಗರ್ಭಧಾರಣೆಯನ್ನೇ ತಡೆಯುವುದರಿಂದ ಗರ್ಭನಾಳದ ಗರ್ಭವೂ ಕಡಿಮೆಯಾಗುತ್ತದೆ. ಆದರೆ ಸಾಧನ ವಿಫಲವಾಗಿ ಗರ್ಭ ನಿಂತೇಬಿಟ್ಟರೆ, ಅದು ಗರ್ಭನಾಳದಲ್ಲಿರುವ ಸಾಧ್ಯತೆ ಸಾಮಾನ್ಯ ಗರ್ಭಕ್ಕಿಂತ ಹೆಚ್ಚು.

ಗರ್ಭನಾಳದ ಗರ್ಭಕ್ಕೆ ಗರ್ಭಪಾತದ ಮಾತ್ರೆಗಳು ಚಿಕಿತ್ಸೆಯಲ್ಲ. ಮಾತ್ರೆ ನುಂಗಿದಾಗ ರಕ್ತಸ್ರಾವವಾಗಬಹುದು, ಎಲ್ಲ ಮುಗಿಯಿತು ಎಂದು ಅನ್ನಿಸಲೂಬಹುದು. ಆದರೆ ನಾಳದಲ್ಲಿ ಗರ್ಭ ಬೆಳೆಯುತ್ತಲೇ ಇರುತ್ತದೆ. ನಾಳ ಒಡೆದರೆ ಹೊಟ್ಟೆಯೊಳಗೆ ರಕ್ತ ಸೋರಿ ಜೀವಕ್ಕೇ ಅಪಾಯ. ಕೆಳಹೊಟ್ಟೆಯ ಒಂದು ಬದಿಯಲ್ಲಿ ತೀವ್ರ ನೋವು, ಭುಜದ ತುದಿಯಲ್ಲಿ ನೋವು, ತಲೆಸುತ್ತು, ಕಣ್ಣು ಕತ್ತಲಿಡುವುದು ಇದರ ಲಕ್ಷಣಗಳು. ಇವು ಕಂಡುಬಂದರೆ ರಾತ್ರಿಯಾಗಿದ್ದರೂ ಕಾಯದೆ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಬೇಕು.

ಸಾಧನ ಒಳಗಿರುವಾಗಲೇ ಮಾತ್ರೆ ನುಂಗಿದರೆ ಏನಾಗುತ್ತದೆ?

ಮಾತ್ರೆ ಗರ್ಭಪಾತದಲ್ಲಿ ಎರಡು ಔಷಧಗಳಿವೆ. ಗರ್ಭ ಉಳಿಯಲು ಬೇಕಾದ ಪ್ರೊಜೆಸ್ಟೆರಾನ್ ಹಾರ್ಮೋನಿನ ಕೆಲಸವನ್ನು ಮಿಫೆಪ್ರಿಸ್ಟೋನ್ ತಡೆಯುತ್ತದೆ. ಒಂದೆರಡು ದಿನದ ನಂತರ ತೆಗೆದುಕೊಳ್ಳುವ ಮಿಸೊಪ್ರೊಸ್ಟಾಲ್ ಗರ್ಭಕೋಶವನ್ನು ಬಲವಾಗಿ ಹಿಂಡಿ ಒಳಗಿರುವುದನ್ನು ಹೊರಹಾಕುತ್ತದೆ.

ಹೀಗೆ ಹಿಂಡುವಾಗ ಒಳಗೆ ಗಟ್ಟಿ ವಸ್ತುವೊಂದು ಇದ್ದರೆ ನೋವು ಹೆಚ್ಚಬಹುದು ಮತ್ತು ಗರ್ಭಕೋಶದ ಗೋಡೆಗೆ ಪೆಟ್ಟಾಗುವ ಭಯವಿರುತ್ತದೆ. ಗರ್ಭದ ಚೂರುಗಳು ಒಳಗೆ ಉಳಿದು, ಜೊತೆಗೆ ಸಾಧನವೂ ಅಲ್ಲೇ ಇದ್ದರೆ ಸೋಂಕು ಹಿಡಿಯಲು ದಾರಿಯಾಗುತ್ತದೆ. ರಕ್ತದ ಜೊತೆ ಕಾಪರ್-ಟಿಯೂ ಬಿದ್ದುಹೋಗಿರಬೇಕು ಎಂಬ ಊಹೆಯನ್ನು ನಂಬುವಂತಿಲ್ಲ.

ಗರ್ಭದ ಜೊತೆ ಸಾಧನವನ್ನು ಒಳಗೇ ಬಿಡುವುದರ ಅಪಾಯವನ್ನು ಜಗತ್ತು ಕಂಡದ್ದು 1970ರ ದಶಕದ ಆರಂಭದಲ್ಲಿ. ಅಮೆರಿಕದಲ್ಲಿ ಡಾಲ್ಕನ್ ಶೀಲ್ಡ್ ಎಂಬ ಸಾಧನ ಧರಿಸಿದ್ದ ಗರ್ಭಿಣಿಯರಲ್ಲಿ ಸೋಂಕಿನಿಂದ ಗರ್ಭಪಾತ ಮತ್ತು ಸಾವುಗಳು ವರದಿಯಾದವು. 1974ರಲ್ಲಿ ಅದರ ಮಾರಾಟ ನಿಂತಿತು. ಇಂದಿನ ಕಾಪರ್-ಟಿಯ ದಾರದ ರಚನೆಯೇ ಬೇರೆ, ಅದು ಎಷ್ಟೋ ಸುರಕ್ಷಿತ. ಆದರೂ ಗರ್ಭ ನಿಂತರೆ ಸಾಧನವನ್ನು ಆದಷ್ಟು ಬೇಗ ತೆಗೆಯಬೇಕು ಎಂಬ ಕ್ರಮ ಮುಂದುವರಿದಿದೆ.

ತೆಗೆಯುವುದು ಹೇಗೆ?

ಕಾಪರ್-ಟಿಯ ದಾರ ಗರ್ಭಕೋಶದ ಕೊರಳಿನಿಂದ ಹೊರಗೆ ಇಳಿಬಿದ್ದಿರುತ್ತದೆ. ದಾರ ಕಾಣಿಸಿದರೆ ಕೆಲಸ ಸುಲಭ. ವೈದ್ಯರು ಅದನ್ನು ಇಕ್ಕಳದಲ್ಲಿ ಹಿಡಿದು ನಿಧಾನವಾಗಿ ಎಳೆದು ತೆಗೆಯುತ್ತಾರೆ. ಸಾಮಾನ್ಯವಾಗಿ ಅರಿವಳಿಕೆ ಬೇಕಾಗುವುದಿಲ್ಲ, ಕೆಲವೇ ನಿಮಿಷ ಸಾಕು. ಮುಟ್ಟಿನ ನೋವಿನಂಥ ನೋವು, ಸ್ವಲ್ಪ ರಕ್ತ ಕಾಣಿಸುವುದು ಸಹಜ. ಮನೆಯಲ್ಲಿ ತಾವೇ ದಾರ ಎಳೆಯುವ ಪ್ರಯತ್ನ ಮಾಡಬಾರದು. ದಾರ ತುಂಡಾದರೆ ಸುಲಭದ ಕೆಲಸ ಕಷ್ಟವಾಗುತ್ತದೆ.

ತೆಗೆದ ಮೇಲೆ ಇಷ್ಟು ದಿನ ಕಾಯಲೇಬೇಕು ಎಂಬ ನಿಯಮವಿಲ್ಲ. ಜ್ವರ, ದುರ್ವಾಸನೆಯ ಬಿಳಿಮುಟ್ಟು, ಕೆಳಹೊಟ್ಟೆ ಮುಟ್ಟಿದರೆ ನೋವು ಮುಂತಾದ ಸೋಂಕಿನ ಲಕ್ಷಣಗಳಿಲ್ಲದಿದ್ದರೆ ಅದೇ ದಿನ ಮೊದಲ ಮಾತ್ರೆ ಕೊಡಬಹುದು. ಸೋಂಕು ಇದ್ದರೆ ಅದಕ್ಕೆ ಮೊದಲು ಚಿಕಿತ್ಸೆ.

ದಾರ ಕಾಣಿಸದಿದ್ದರೆ ಸ್ಕ್ಯಾನಿಂಗ್ ಮಾಡಿ ನೋಡುತ್ತಾರೆ. ಗರ್ಭ ಬೆಳೆದಂತೆ ದಾರ ಮೇಲಕ್ಕೆ ಸರಿದಿರಬಹುದು. ಹೆರಿಗೆಯಾದ ಕೂಡಲೇ ಹಾಕಿಸಿಕೊಂಡವರಲ್ಲಿ ದಾರ ಒಳಗೇ ಮಡಚಿಕೊಂಡಿರುವುದೂ ಉಂಟು. ಸಾಧನ ಗರ್ಭಕೋಶದಲ್ಲೇ ಇದ್ದು ಸುಲಭವಾಗಿ ಕೈಗೆ ಸಿಗದಿದ್ದರೆ, ಮಾತ್ರೆಯ ಬದಲು ನಿರ್ವಾತ ಹೀರಿಕೆ ವಿಧಾನದಿಂದ ಗರ್ಭಪಾತ ಮಾಡಿ, ಅದೇ ವೇಳೆ ಸಾಧನವನ್ನೂ ತೆಗೆಯಬಹುದು. ಸಾಧನ ಸ್ಕ್ಯಾನಿಂಗ್‌ನಲ್ಲಿ ಎಲ್ಲೂ ಕಾಣಿಸದಿದ್ದರೆ ಅದು ಬಿದ್ದುಹೋಗಿರಬಹುದು ಅಥವಾ ಗರ್ಭಕೋಶ ದಾಟಿ ಹೊಟ್ಟೆಯೊಳಗೆ ಹೋಗಿರಬಹುದು. ಗರ್ಭಪಾತ ಮುಗಿದ ಬಳಿಕ ಹೊಟ್ಟೆಯ ಎಕ್ಸ್-ರೇ ತೆಗೆದರೆ ಇದು ತಿಳಿಯುತ್ತದೆ.

ಬೇರೆ ಊರಲ್ಲಿ ಹಾಕಿಸಿಕೊಂಡಿದ್ದರೆ

ತವರಿನಲ್ಲಿ ಹೆರಿಗೆ ಮುಗಿಸಿ, ಅಲ್ಲೇ ಕಾಪರ್-ಟಿ ಹಾಕಿಸಿಕೊಂಡು ಮುಂಬೈ, ಪುಣೆ ಅಥವಾ ಹೈದರಾಬಾದಿಗೆ ಮರಳುವವರು ಹಲವರು. ಹಾಕಿದಾಗ ಕೊಡುವ ಕಾರ್ಡಿನಲ್ಲಿ ಸಾಧನದ ಬಗೆ, ಹಾಕಿದ ದಿನಾಂಕ, ತೆಗೆಸಬೇಕಾದ ದಿನಾಂಕ ಇರುತ್ತವೆ. ಅದರ ಫೋಟೊ ಮೊಬೈಲಿನಲ್ಲಿದ್ದರೆ ಯಾವ ಊರಿನ ವೈದ್ಯರಿಗೂ ತೋರಿಸಬಹುದು. ಕಾರ್ಡ್ ಕಳೆದಿದ್ದರೂ ಚಿಂತೆಯಿಲ್ಲ. 'ಕಾಪರ್-ಟಿ' ಎಂಬ ಪದ ಎಲ್ಲ ಊರುಗಳ ವೈದ್ಯರಿಗೂ ಗೊತ್ತು. ಸ್ಥಳೀಯ ಭಾಷೆ ಬಾರದವರು ಆ ಒಂದು ಪದವನ್ನು ಹೇಳಿ, ಕೊನೆಯ ಮುಟ್ಟಿನ ದಿನಾಂಕ ತೋರಿಸಿದರೂ ತಪಾಸಣೆ ಸರಿಯಾದ ದಿಕ್ಕಿನಲ್ಲಿ ಶುರುವಾಗುತ್ತದೆ.

ದೀರ್ಘಕಾಲ ಸ್ಟೀರಾಯ್ಡ್ ಅಥವಾ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಸೇವಿಸುತ್ತಿರುವವರು, ರಕ್ತಸ್ರಾವದ ಕಾಯಿಲೆ ಅಥವಾ ತೀವ್ರ ರಕ್ತಹೀನತೆ ಇರುವವರು ಅದನ್ನೂ ವೈದ್ಯರಿಗೆ ಹೇಳಬೇಕು.

ಮಾತ್ರೆಗಳ ಕ್ರಮ

ಭಾರತದಲ್ಲಿ ಮಾತ್ರೆ ಗರ್ಭಪಾತಕ್ಕೆ 9 ವಾರಗಳವರೆಗೆ, ಅಂದರೆ ಕೊನೆಯ ಮುಟ್ಟಿನ ಮೊದಲ ದಿನದಿಂದ 63 ದಿನಗಳವರೆಗೆ ಅವಕಾಶವಿದೆ. ಕಿಟ್‌ನಲ್ಲಿ 200 ಮಿಲಿಗ್ರಾಂನ ಒಂದು ಮಿಫೆಪ್ರಿಸ್ಟೋನ್ ಮತ್ತು 200 ಮೈಕ್ರೊಗ್ರಾಂನ ನಾಲ್ಕು ಮಿಸೊಪ್ರೊಸ್ಟಾಲ್ ಮಾತ್ರೆಗಳಿರುತ್ತವೆ. ಮೊದಲ ದಿನ ಮಿಫೆಪ್ರಿಸ್ಟೋನ್, ಮೂರನೇ ದಿನ ಮಿಸೊಪ್ರೊಸ್ಟಾಲ್, 15ನೇ ದಿನ ಮರುತಪಾಸಣೆ ಎಂಬುದು ಸಾಮಾನ್ಯ ಕ್ರಮ. ವೈದ್ಯರ ಚೀಟಿಯಿಲ್ಲದೆ ಇದನ್ನು ಮಾರುವಂತಿಲ್ಲ.

ಕೆಳಗಿನ ಲಕ್ಷಣ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು:

- ಸತತ ಎರಡು ಗಂಟೆ, ಗಂಟೆಗೆ ಎರಡು ಅಥವಾ ಹೆಚ್ಚು ಪ್ಯಾಡ್ ಪೂರ್ತಿ ತೋಯುವಷ್ಟು ರಕ್ತಸ್ರಾವ
- ಮಿಸೊಪ್ರೊಸ್ಟಾಲ್ ತೆಗೆದುಕೊಂಡ ಮರುದಿನವೂ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚಿನ ಜ್ವರ
- ದುರ್ವಾಸನೆಯ ಸ್ರಾವ, ನೋವಿನ ಮಾತ್ರೆಗೂ ಬಗ್ಗದ ಹೊಟ್ಟೆನೋವು, ಮೂರ್ಛೆ

ಮಿಸೊಪ್ರೊಸ್ಟಾಲ್ ತೆಗೆದುಕೊಂಡು 24 ಗಂಟೆಯಾದರೂ ರಕ್ತಸ್ರಾವ ಆಗದಿದ್ದರೆ ಆಗಲೂ ವೈದ್ಯರನ್ನು ಕಾಣಬೇಕು.

ಈಗಾಗಲೇ ನುಂಗಿದ್ದರೆ?

ಸಾಧನ ಇರುವುದು ಮರೆತು ಮಿಫೆಪ್ರಿಸ್ಟೋನ್ ನುಂಗಿದ್ದರೆ, ಮಿಸೊಪ್ರೊಸ್ಟಾಲ್ ತೆಗೆದುಕೊಳ್ಳುವ ಮೊದಲೇ ವೈದ್ಯರನ್ನು ಕಂಡು ಸಾಧನ ತೆಗೆಸಬಹುದು. ಎರಡೂ ಮುಗಿದಿದ್ದರೆ ಸ್ಕ್ಯಾನಿಂಗ್ ಅಗತ್ಯ. ಗರ್ಭ ಪೂರ್ತಿ ಹೋಗಿದೆಯೇ, ಸಾಧನ ಒಳಗಿದೆಯೇ ಎಂಬ ಎರಡೂ ಪ್ರಶ್ನೆಗೆ ಉತ್ತರ ಸಿಗಬೇಕು. ಗರ್ಭ ಮುಂದುವರಿದರೆ ಮಿಸೊಪ್ರೊಸ್ಟಾಲ್‌ನಿಂದ ಭ್ರೂಣಕ್ಕೆ ಅಂಗದೋಷ ಉಂಟಾಗುವ ಸಾಧ್ಯತೆಯಿದೆ. ಬೈಯುತ್ತಾರೆ ಎಂಬ ಅಂಜಿಕೆಯಿಂದ ಮುಚ್ಚಿಡುವುದಕ್ಕಿಂತ ನುಂಗಿದ ಮಾತ್ರೆ, ದಿನ, ಸಮಯವನ್ನು ಇದ್ದದ್ದು ಇದ್ದ ಹಾಗೆ ಹೇಳುವುದೇ ಸುರಕ್ಷಿತ.

ಕಾನೂನು ಏನು ಹೇಳುತ್ತದೆ?

ವೈದ್ಯಕೀಯ ಗರ್ಭಪಾತ ಕಾಯ್ದೆ 1971ರದ್ದು. ಗರ್ಭನಿರೋಧಕ ವಿಫಲವಾದದ್ದನ್ನು ಗರ್ಭಪಾತಕ್ಕೆ ಕಾರಣವೆಂದು ಅದು ಮೊದಲಿನಿಂದಲೂ ಒಪ್ಪಿದೆ, ಆದರೆ ಆಗ ಅದು ವಿವಾಹಿತೆಯರಿಗೆ ಮಾತ್ರ ಇತ್ತು. 2021ರ ತಿದ್ದುಪಡಿಯಲ್ಲಿ ಅದು 'ಯಾವುದೇ ಮಹಿಳೆ ಅಥವಾ ಆಕೆಯ ಸಂಗಾತಿ' ಎಂದಾಯಿತು. 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. 18 ವರ್ಷ ತುಂಬಿದ ಮಹಿಳೆಗೆ ಆಕೆಯ ಒಪ್ಪಿಗೆಯೊಂದೇ ಸಾಕು. ಗಂಡನ ಅಥವಾ ಅತ್ತೆ-ಮಾವಂದಿರ ಸಹಿಯನ್ನು ಕಾನೂನು ಕೇಳುವುದಿಲ್ಲ. ಆಕೆಯ ಹೆಸರು, ವಿವರ ಬಹಿರಂಗಪಡಿಸಿದ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆ ವಿಧಿಸಬಹುದು. ಅವಿವಾಹಿತೆಯರಿಗೂ ಸುರಕ್ಷಿತ ಗರ್ಭಪಾತದ ಹಕ್ಕು ಸಮಾನ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿದೆ. ಅನುಮತಿ ಪಡೆದ ಆಸ್ಪತ್ರೆಗಳು ಅನುಮತಿ ಪತ್ರವನ್ನು ಎಲ್ಲರಿಗೂ ಕಾಣುವಂತೆ ಹಾಕಿರಬೇಕು.

ಮಗು ಬೇಕೆಂದರೆ

ಕಾಪರ್-ಟಿ ಇದ್ದೂ ನಿಂತ ಗರ್ಭವನ್ನು ಉಳಿಸಿಕೊಳ್ಳುವ ಆಯ್ಕೆಯೂ ಇದೆ. ಆಗಲೂ ದಾರ ಕಾಣಿಸುವ ಹಂತದಲ್ಲೇ ಸಾಧನ ತೆಗೆಸುವುದು ಉತ್ತಮ. ತೆಗೆಯುವಾಗ ಗರ್ಭಪಾತವಾಗುವ ಸಣ್ಣ ಅಪಾಯವಿದ್ದರೂ, ಒಳಗೇ ಬಿಟ್ಟರೆ ಗರ್ಭಪಾತ, ಸೋಂಕು ಮತ್ತು ಅವಧಿಗೆ ಮುನ್ನ ಹೆರಿಗೆಯ ಅಪಾಯ ಅದಕ್ಕಿಂತ ಹೆಚ್ಚು.

ಗರ್ಭಪಾತ ಮಾಡಿಸಿಕೊಂಡವರು ಮತ್ತೆ ಕಾಪರ್-ಟಿ ಬಯಸಿದರೆ, ಮರುತಪಾಸಣೆಯಲ್ಲಿ ಗರ್ಭಪಾತ ಪೂರ್ಣವಾಗಿದೆ, ಸೋಂಕಿಲ್ಲ ಎಂದು ಖಚಿತವಾದ ದಿನವೇ ಹೊಸದನ್ನು ಹಾಕಿಸಿಕೊಳ್ಳಬಹುದು. ಒಮ್ಮೆ ವಿಫಲವಾಯಿತು ಎಂಬ ಕಾರಣಕ್ಕೆ ಅದನ್ನು ಕೈಬಿಡಬೇಕಾಗಿಲ್ಲ. ಬೇಡವೆಂದರೆ ಬೇರೆ ವಿಧಾನದ ಬಗ್ಗೆ ಅದೇ ದಿನ ಕೇಳುವುದು ಒಳಿತು, ಏಕೆಂದರೆ ಗರ್ಭಪಾತವಾದ ಎರಡೇ ವಾರದಲ್ಲಿ ಮತ್ತೆ ಗರ್ಭ ನಿಲ್ಲಬಹುದು.

(ಇದು ಸಾಮಾನ್ಯ ಮಾಹಿತಿ ಮಾತ್ರ. ಚಿಕಿತ್ಸೆಯ ನಿರ್ಧಾರವನ್ನು ವೈದ್ಯರ ತಪಾಸಣೆಯ ನಂತರವೇ ತೆಗೆದುಕೊಳ್ಳಬೇಕು.)