ಮಾತಿಗೊಂದು ಚೇಳಿನ ಕೊಂಡಿ

ನಮ್ಮ ತಾಜಸುಲ್ತಾನಪುರದ ಗೋಡೆಗಳ ಮೇಲೆ ನಾನು ದೇವರನ್ನು ಕಂಡದ್ದು ಕ್ಯಾಲೆಂಡರಿನಲ್ಲಿ. ಆ ದೇವರಿಗೆ ತುಂಬಿದ ಮೈಕಟ್ಟು, ನೆರಳು-ಬೆಳಕು ಕೊಟ್ಟವರಲ್ಲಿ 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು ಪ್ರಮುಖರು. ಅಮರ ಚಿತ್ರಕಥೆಯ ನಾಯಕರೂ ಅದೇ ಜಾಯಮಾನದವರು. 1979ರಲ್ಲಿ ಅದು ಅಂಬೇಡ್ಕರರ ಕಥೆ ತಂದಾಗಲೂ ಧಾಟಿ ಬದಲಾಗಲಿಲ್ಲ. ನಾಯಕನನ್ನು ಮೆಚ್ಚುತ್ತ ಪುಟ ತಿರುವುತ್ತೇವೆ.

ಅದೇ ಬದುಕನ್ನು 2011ರ ‘ಭೀಮಾಯನ’ದಲ್ಲಿ ಪರಧಾನ ಗೊಂಡ ಕಲಾವಿದರಾದ ದುರ್ಗಾಬಾಯಿ ಮತ್ತು ಸುಭಾಷ್ ವ್ಯಾಮ್ ಚಿತ್ರಿಸಿದರು. ಅಲ್ಲಿ ಚೌಕಟ್ಟುಗಳ ಸಾಲಿಲ್ಲ. ಪುಟವನ್ನು ಹಂಚುವುದು ಗೊಂಡರ ‘ದಿಗ್ನಾ’ ಚಿತ್ತಾರ. ಮೆದು ಮಾತಿನ ಗುಳ್ಳೆಗೆ ಹಕ್ಕಿಯ ಆಕಾರ. ಜಾತಿಯ ವಿಷ ಕಾರುವ ಮಾತಿಗೆ ಚೇಳಿನ ಕೊಂಡಿ. ಬಾಲಕ ಭೀಮನಿಗೆ ನೀರು ನಿರಾಕರಿಸುವ ಮಾತನ್ನು ಓದುವ ಮೊದಲೇ ಕೊಂಡಿ ಕಾಣುತ್ತದೆ.

ಮೊದಲ ಶೈಲಿ ಅಂಬೇಡ್ಕರರ ದೊಡ್ಡತನ ತೋರಿಸಿತು. ಎರಡನೆಯದು ಅವರನ್ನು ಕುಟುಕಿದ್ದನ್ನು ತೋರಿಸಿತು. ನನ್ನ ಮಟ್ಟಿಗೆ ಇತಿಹಾಸ ಇರುವುದು ಆ ಕೊಂಡಿಯಲ್ಲಿ.